ಮಡ್ ಆಟಗಳಲ್ಲಿ ಯುನಿಕ್ಸ್ ಮಾದರಿಯ ಶೆಲ್

ಮಡ್ ಎಂಬುದು ಅನೇಕರು ಏಕಕಾಲದಲ್ಲಿ ಗಣಕಜಾಲದ ಮೂಲಕ ಸೇರಿ ಆಡುವ, ಚಿತ್ರಗಳಿಲ್ಲದ, ಸಂಪೂರ್ಣ ಪಠ್ಯರೂಪದ ಆಟ. ಮಲ್ಟಿ ಯೂಸರ್ ಡಂಜನ್ ಎಂಬ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಿಂದ ಈ ಹೆಸರು ಬಂದಿದೆ. ಆಟಗಾರನು ಕೀಲಿಮಣೆಯಿಂದ ಒಂದೊಂದೇ ಸಾಲಿನ ಆದೇಶವನ್ನು ಕೊಡುತ್ತಾನೆ. ಅದಕ್ಕೆ ಉತ್ತರವಾಗಿ ಸ್ಥಳದ ವರ್ಣನೆ, ಅಲ್ಲಿರುವ ವಸ್ತುಗಳು, ಇತರ ಆಟಗಾರರ ಮಾತು ಮತ್ತು ಕ್ರಿಯೆಗಳು ಪಠ್ಯವಾಗಿ ಮೂಡುತ್ತವೆ. ಈ ಆದೇಶದ ಸಾಲನ್ನು ಮೊದಲು ಸ್ವೀಕರಿಸಿ, ಅಗತ್ಯವಿದ್ದರೆ ಮಾರ್ಪಡಿಸಿ, ಆಟದ ಲೋಕಕ್ಕೆ ದಾಟಿಸುವ ಭಾಗವನ್ನು ಶೆಲ್ ಎನ್ನುತ್ತಾರೆ. ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಶೆಲ್‌ನ ಅನೇಕ ಸೌಕರ್ಯಗಳನ್ನು ಕೆಲವು ಮಡ್‌ಗಳು ತಮ್ಮೊಳಗೇ ಮರುಸೃಷ್ಟಿಸಿಕೊಂಡಿವೆ. ಅಲಿಯಾಸ್, ಹಿಂದಿನ ಆದೇಶಗಳ ಇತಿಹಾಸ, ಕಡತಗಳ ಪಟ್ಟಿ ನೋಡುವ ಮತ್ತು ಕಡತಕೋಶ ಬದಲಿಸುವ ಆದೇಶಗಳು ಇವುಗಳಲ್ಲಿ ಮುಖ್ಯವಾದವು.

ಇದು ನಿಜವಾದ ಯುನಿಕ್ಸ್ ಶೆಲ್ ಅಲ್ಲ. ಆಟದ ಭಾಷೆಯಲ್ಲೇ ಬರೆದ, ಆಟದೊಳಗಿನ ಒಂದು ವಸ್ತು. ಹೊಸಬರಿಗೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸವನ್ನು ಗಮನಿಸದೆ ಹುಟ್ಟಿದವು.

ಈ ಲೇಖನದಲ್ಲಿ ಆದೇಶಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಕೀಲಿಮಣೆಯಲ್ಲಿ ಅವನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು. ವಿವರಣೆಗಾಗಿ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರಗಳನ್ನು ಸ್ಥಳಗಳಾಗಿ ಹೊಂದಿರುವ ಒಂದು ಕಲ್ಪಿತ ಮಡ್ ಅನ್ನು ಬಳಸಿಕೊಳ್ಳಲಾಗಿದೆ. ಸ್ಥಳಗಳು ನಿಜ, ಆಟ ಮಾತ್ರ ಉದಾಹರಣೆಗಾಗಿ.

== ಹಿನ್ನೆಲೆ ==

ಮೊದಲ ಮಡ್ ಅನ್ನು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ 1978ರಲ್ಲಿ ಬರೆಯಲು ಆರಂಭಿಸಿದರು; ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಅದು ನಡೆಯುತ್ತಿದ್ದುದು ಪಿಡಿಪಿ-10 ಯಂತ್ರದ ಮೇಲೆ. ಯುನಿಕ್ಸ್‌ಗೂ ಅದಕ್ಕೂ ಸಂಬಂಧವಿರಲಿಲ್ಲ. ಸುಮಾರು ಅದೇ ಕಾಲದಲ್ಲಿ ಯುನಿಕ್ಸ್ ಲೋಕದಲ್ಲಿ ಬೋರ್ನ್ ಶೆಲ್ ಮತ್ತು ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್ ರೂಪುಗೊಂಡವು. ಅಲಿಯಾಸ್ ಮತ್ತು ಆದೇಶಗಳ ಇತಿಹಾಸ ಎಂಬೆರಡು ಸೌಕರ್ಯಗಳು ಜನಪ್ರಿಯವಾದದ್ದು ಸಿ ಶೆಲ್‌ನಿಂದ.

ಈ ಎರಡು ಧಾರೆಗಳು ಕೂಡಿದ್ದು 1989ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಲಾರ್ಸ್ ಪೆನ್‌ಶೋ ರಚಿಸಿದ ಎಲ್‌ಪಿಮಡ್‌ನಲ್ಲಿ. ಅವರು ಆಟವನ್ನು ಎರಡು ಪದರಗಳಾಗಿ ಬೇರ್ಪಡಿಸಿದರು. ಕೆಳಗಿನದು ಡ್ರೈವರ್ ಎಂಬ ಚಾಲಕ ತಂತ್ರಾಂಶ. ಜಾಲಸಂಪರ್ಕ, ನೆನಪಿನ ನಿರ್ವಹಣೆ ಮುಂತಾದವು ಅದರ ಹೊಣೆ. ಮೇಲಿನದು ಮಡ್‌ಲಿಬ್, ಕೋಣೆ, ದೀಪ, ಕತ್ತಿ, ಆಟಗಾರ ಎಲ್ಲವೂ ಎಲ್‌ಪಿಸಿ ಎಂಬ ಭಾಷೆಯಲ್ಲಿ ಬರೆದ ಪ್ರತ್ಯೇಕ ಕಡತಗಳಾಗಿ ಅಲ್ಲಿರುತ್ತವೆ. ಆಟದಲ್ಲಿ ಸಾಕಷ್ಟು ಮುಂದುವರಿದವರಿಗೆ 'ವಿಜರ್ಡ್', ಅಂದರೆ ಮಾಂತ್ರಿಕ ಪದವಿ ಸಿಗುತ್ತಿತ್ತು. ಅವರು ಆಟ ನಡೆಯುತ್ತಿರುವಾಗಲೇ ಅದರೊಳಗೆ ನಿಂತು ಹೊಸ ಕಡತಗಳನ್ನು ಬರೆದು ಲೋಕವನ್ನು ವಿಸ್ತರಿಸಬಹುದಿತ್ತು. ಕಡತಗಳೊಡನೆ ಕೆಲಸ ಮಾಡಲು ಆದೇಶಗಳು ಬೇಕಾದವು. ಬರೆದವರು ಯುನಿಕ್ಸ್ ಪ್ರಯೋಗಾಲಯಗಳಲ್ಲಿ ಕುಳಿತಿದ್ದ ವಿದ್ಯಾರ್ಥಿಗಳಾದ್ದರಿಂದ ತಮಗೆ ಗೊತ್ತಿದ್ದ ಎಲ್‌ಎಸ್, ಸಿಡಿ, ಕ್ಯಾಟ್, ಆರ್‌ಎಂ ಎಂಬ ಹೆಸರುಗಳನ್ನೇ ಇಟ್ಟರು. ಯುನಿಕ್ಸ್‌ನ ಇಡಿ ಎಂಬ ಸಾಲು-ಸಂಪಾದಕದ ಒಂದು ಪ್ರತಿರೂಪವನ್ನು ಡ್ರೈವರ್‌ನೊಳಗೇ ಸೇರಿಸಲಾಯಿತು. ಮುಂದೆ ಮಡ್‌ಓಎಸ್ ಎಂಬ ಡ್ರೈವರ್ ಬಂದ ಮೇಲೆ ಹುಟ್ಟಿದ ಮಡ್‌ಲಿಬ್‌ಗಳಲ್ಲಿ ಈ ಅನುಕರಣೆ ಇನ್ನೂ ದಟ್ಟವಾಯಿತು. ಲೈಮಾ ಎಂಬ ಮಡ್‌ಲಿಬ್‌ನಲ್ಲಿ ಮಾಂತ್ರಿಕರ ಶೆಲ್‌ನ ಹೆಸರು 'ವಿಶ್'. ವಿಜರ್ಡ್ ಮತ್ತು ಶೆಲ್ ಎಂಬ ಪದಗಳ ತುಣುಕುಗಳನ್ನು ಜೋಡಿಸಿದ ಹೆಸರಿದು, ಇಂಗ್ಲಿಷಿನಲ್ಲಿ ಬಯಕೆ ಎಂಬ ಅರ್ಥವನ್ನೂ ಕೊಡುತ್ತದೆ.

ಡಿಕುಮಡ್ ಪರಂಪರೆಯ ಆಟಗಳಲ್ಲಿ ಇಂಥ ಕಡತಶೆಲ್ ಸಾಮಾನ್ಯವಾಗಿ ಇರುವುದಿಲ್ಲ. ಟೈನಿಮಡ್ ಮತ್ತು ಮೂ ಪರಂಪರೆಗಳು ತಮ್ಮದೇ ಆದ ಆದೇಶಪದ್ಧತಿಯನ್ನು ಬೆಳೆಸಿಕೊಂಡವು. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಎಲ್‌ಪಿಮಡ್ ಕುಟುಂಬಕ್ಕೆ ಅನ್ವಯಿಸುತ್ತದೆ.

ಭಾರತದಲ್ಲಿ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ತೆರೆಯಿತು. ಆರಂಭದ ವರ್ಷಗಳಲ್ಲಿ ದೂರವಾಣಿಯ ಮೂಲಕ ದೊರೆಯುತ್ತಿದ್ದ ಖಾತೆಗಳಲ್ಲಿ ಒಂದು ಬಗೆಯದಕ್ಕೆ 'ಶೆಲ್ ಖಾತೆ' ಎಂದೇ ಹೆಸರು. ಅದರಲ್ಲಿ ಚಿತ್ರಗಳಿಲ್ಲ, ಮೌಸ್ ಇಲ್ಲ. ದೂರದ ಯುನಿಕ್ಸ್ ಯಂತ್ರವೊಂದರ ಪಠ್ಯಪರದೆ ಮಾತ್ರ. ಅಲ್ಲಿಂದ ಟೆಲ್ನೆಟ್ ಮೂಲಕ ಮಡ್ ಒಂದನ್ನು ಪ್ರವೇಶಿಸಿದವನ ಮುಂದೆ ಒಂದರೊಳಗೊಂದು ಎರಡು ಶೆಲ್‌ಗಳಿರುತ್ತಿದ್ದವು. ಎರಡರಲ್ಲೂ ಎಲ್‌ಎಸ್ ಎಂದರೆ ಪಟ್ಟಿ ಬರುತ್ತದೆ, ಆದರೆ ಬೇರೆ ಬೇರೆ ಪಟ್ಟಿ.

== ಒಂದು ಸಾಲು ಸಾಗುವ ದಾರಿ ==

ಆಟಗಾರನು ಒಂದು ಸಾಲನ್ನು ಒತ್ತಿ ಎಂಟರ್ ಕೀಲಿ ಅದುಮಿದಾಗ ಆ ಸಾಲು ನೇರವಾಗಿ ಕೋಣೆಗೆ ಹೋಗುವುದಿಲ್ಲ. ಮಡ್‌ಓಎಸ್ ಮಾದರಿಯ ಡ್ರೈವರ್‌ಗಳಲ್ಲಿ ಅದು ಮೊದಲು ಆಟಗಾರನ ವಸ್ತುವಿನಲ್ಲಿರುವ ಪ್ರೊಸೆಸ್ ಇನ್‌ಪುಟ್ ಎಂಬ ಕಾರ್ಯಕ್ಕೆ ಸಿಗುತ್ತದೆ. ಶೆಲ್ ಕುಳಿತಿರುವುದು ಇಲ್ಲಿ. ಹಿಂದಿನ ಆದೇಶವನ್ನು ಸೂಚಿಸುವ ಚಿಹ್ನೆಯೇನಾದರೂ ಇದ್ದರೆ ಶೆಲ್ ಮೊದಲು ಅದನ್ನು ಬಿಡಿಸುತ್ತದೆ, ಆಮೇಲೆ ಮೊದಲ ಪದ ಅಲಿಯಾಸ್ ಆಗಿದೆಯೇ ಎಂದು ನೋಡುತ್ತದೆ, ಆಗಿದ್ದರೆ ಅದನ್ನು ಪೂರ್ಣರೂಪಕ್ಕೆ ವಿಸ್ತರಿಸುತ್ತದೆ. ಹೀಗೆ ಬದಲಾದ ಸಾಲು ಮುಂದಿನ ಹಂತಕ್ಕೆ ಹೋಗುತ್ತದೆ.

ಮುಂದಿನ ಹಂತದಲ್ಲಿ ಸಾಲಿನ ಮೊದಲ ಪದವನ್ನು ಕ್ರಿಯಾಪದವೆಂದು ಭಾವಿಸಲಾಗುತ್ತದೆ. ಆಟಗಾರನ ಸುತ್ತಲಿರುವ ಕೋಣೆ, ಕೈಯಲ್ಲಿರುವ ವಸ್ತುಗಳು, ಅದೇ ಕೋಣೆಯಲ್ಲಿರುವ ಇತರ ವಸ್ತುಗಳು 'ಈ ಕ್ರಿಯಾಪದ ಬಂದರೆ ನನ್ನನ್ನು ಕರೆ' ಎಂದು ಮೊದಲೇ ನೋಂದಾಯಿಸಿಕೊಂಡಿರುತ್ತವೆ. ಆ್ಯಡ್ ಆ್ಯಕ್ಷನ್ ಎಂಬ ಕಾರ್ಯ ಇದನ್ನು ಮಾಡುತ್ತದೆ. ಡ್ರೈವರ್ ಅವುಗಳನ್ನು ಒಂದೊಂದಾಗಿ ಕೇಳುತ್ತದೆ. ಒಂದು ವಸ್ತು 1 ಎಂದು ಉತ್ತರಿಸಿದರೆ ಕೆಲಸವಾಯಿತು. 0 ಎಂದರೆ ಮುಂದಿನದನ್ನು ಕೇಳುತ್ತದೆ. ಯಾರೂ ಒಪ್ಪದಿದ್ದರೆ 'ಏನು?' ಎಂಬ ಉತ್ತರ ಬರುತ್ತದೆ. ಮಡ್ ಆಡಿದ ಯಾರಿಗೂ ಈ ಮೊಂಡು ಉತ್ತರ ಅಪರಿಚಿತವಲ್ಲ.

ಯುನಿಕ್ಸ್‌ನಲ್ಲಿ ಒಂದು ಆದೇಶವೆಂದರೆ ಸಾಮಾನ್ಯವಾಗಿ ಒಂದು ಸ್ವತಂತ್ರ ಕಾರ್ಯಕ್ರಮ. ಶೆಲ್ ಅದನ್ನು ಪಾತ್ ಎಂಬ ಪಟ್ಟಿಯಲ್ಲಿರುವ ಕಡತಕೋಶಗಳಲ್ಲಿ ಹುಡುಕಿ, ಪ್ರತ್ಯೇಕ ಪ್ರಕ್ರಿಯೆಯಾಗಿ ಓಡಿಸುತ್ತದೆ. ಮಡ್‌ನಲ್ಲಿ ಪ್ರಕ್ರಿಯೆಗಳಿಲ್ಲ. ಎಲ್ಲ ಆಟಗಾರರ ಎಲ್ಲ ಆದೇಶಗಳನ್ನೂ ಒಂದೇ ಡ್ರೈವರ್ ಸರದಿಯಂತೆ ನಡೆಸುತ್ತದೆ. ಒಬ್ಬನ ಆದೇಶ ಮುಗಿಯುವವರೆಗೆ ಉಳಿದವರು ಕಾಯಬೇಕು. ಅದಕ್ಕಾಗಿಯೇ ಒಂದು ಆದೇಶ ಎಷ್ಟು ಹೊತ್ತು ಓಡಬಹುದೆಂಬ ಮಿತಿ ಇದೆ. ಮೀರಿದರೆ ಡ್ರೈವರ್ ಅದನ್ನು ಅರ್ಧದಲ್ಲೇ ಕಡಿಯುತ್ತದೆ. ಯುನಿಕ್ಸ್‌ನಲ್ಲಿ ಅಂತ್ಯವಿಲ್ಲದ ಸುತ್ತು ಬರೆದವನು ತನ್ನ ಕೆಲಸವನ್ನು ಮಾತ್ರ ಕೆಡಿಸಿಕೊಳ್ಳಬಹುದು. ಇಲ್ಲಿ ಅದೇ ತಪ್ಪಿನಿಂದ ಇಡೀ ಊರು ಒಂದು ಕ್ಷಣ ಸ್ತಬ್ಧವಾಗುತ್ತದೆ.

== ಎರಡು ನೆಲೆಗಳು: ಕೋಣೆ ಮತ್ತು ಕಡತಕೋಶ ==

ಕಲ್ಪಿತ ಮಡ್‌ನ ನಕ್ಷೆಯನ್ನು ರೈಲುದಾರಿಯಿಂದ ಎರವಲು ಪಡೆಯೋಣ. ಬೆಂಗಳೂರು–ಅರಸೀಕೆರೆ ಕಡೆಯಿಂದ ಬರುವ ದಾರಿ ಕಡೂರನ್ನು ದಾಟಿ ಬೀರೂರು ಜಂಕ್ಷನ್ ಸೇರುತ್ತದೆ. ಬೀರೂರಿನಲ್ಲಿ ದಾರಿ ಕವಲಾಗುತ್ತದೆ. ಒಂದು ಕವಲು ತರೀಕೆರೆ, ಭದ್ರಾವತಿಗಳ ಮೂಲಕ ಶಿವಮೊಗ್ಗಕ್ಕೆ. ಇನ್ನೊಂದು ಅಜ್ಜಂಪುರ, ಚಿಕ್ಕಜಾಜೂರುಗಳ ಮೂಲಕ ದಾವಣಗೆರೆಯ ಕಡೆಗೆ. ಆಟದಲ್ಲಿ ಪ್ರತಿ ನಿಲ್ದಾಣವೂ ಒಂದು ಕೋಣೆ. ಕಡೂರಿನಿಂದ ವಾಯವ್ಯಕ್ಕೆ ಹೋದರೆ ಬೀರೂರು. ಬೀರೂರಿನಿಂದ ವಾಯವ್ಯಕ್ಕೆ ತರೀಕೆರೆ, ಉತ್ತರಕ್ಕೆ ಅಜ್ಜಂಪುರ. ಸಾಮಾನ್ಯ ಆಟಗಾರನಿಗೆ ಕಾಣುವುದು ಇಷ್ಟೇ. ಅವನು ದಿಕ್ಕಿನ ಹೆಸರು ಒತ್ತುತ್ತಾನೆ, ನಡೆಯುತ್ತಾನೆ.

ಮಾಂತ್ರಿಕನಿಗೆ ಇದರ ಜೊತೆಗೆ ಇನ್ನೊಂದು ನಕ್ಷೆ ಕಾಣುತ್ತದೆ. ಅದು ಕಡತಗಳ ನಕ್ಷೆ:

/ಲೋಕ/ಕಡೂರು/ನಿಲ್ದಾಣ.ಸಿ
/ಲೋಕ/ಕಡೂರು/ಬೀರೂರು/ಜಂಕ್ಷನ್.ಸಿ
/ಲೋಕ/ತರೀಕೆರೆ/ನಿಲ್ದಾಣ.ಸಿ
/ಲೋಕ/ತರೀಕೆರೆ/ಅಜ್ಜಂಪುರ/ನಿಲ್ದಾಣ.ಸಿ

ಈ ವಿಂಗಡಣೆ ಹಳೆಯ ತಾಲ್ಲೂಕುಗಳ ಆಡಳಿತ ಕ್ರಮವನ್ನು ಅನುಸರಿಸಿದೆ, ರೈಲುದಾರಿಯನ್ನಲ್ಲ. ಬೀರೂರು ಕಡೂರು ತಾಲ್ಲೂಕಿಗೆ ಸೇರಿದ್ದರಿಂದ ಕಡತದಲ್ಲಿ ಕಡೂರಿನ ಒಳಗಿದೆ; ಆಟದೊಳಗೆ ಮಾತ್ರ ಅದು ಕಡೂರಿನ ಒಳಗಿಲ್ಲ, ಪಕ್ಕದಲ್ಲಿದೆ. ನಕ್ಷೆಗಳೆರಡೂ ಬೇರೆ ಬೇರೆ ಎಂಬುದನ್ನು ಇಲ್ಲಿಯೇ ಮನದಟ್ಟು ಮಾಡಿಕೊಳ್ಳುವುದು ಒಳ್ಳೆಯದು.

ಮಾಂತ್ರಿಕನು ಯಾವಾಗಲೂ ಎರಡು ಕಡೆ ನಿಂತಿರುತ್ತಾನೆ. ಅವನ ದೇಹ ಒಂದು ಕೋಣೆಯಲ್ಲಿ, ಅವನ ಶೆಲ್ ಒಂದು ಕಡತಕೋಶದಲ್ಲಿ. 'ಸಿಡಿ /ಲೋಕ/ತರೀಕೆರೆ' ಎಂದರೆ ಶೆಲ್‌ನ ನೆಲೆ ಬದಲಾಗುತ್ತದೆ, ದೇಹ ಕಡೂರಿನಲ್ಲೇ ಇರುತ್ತದೆ. 'ಲುಕ್' ಎಂದರೆ ಇನ್ನೂ ಕಡೂರಿನ ವರ್ಣನೆಯೇ ಬರುತ್ತದೆ. ದೇಹವನ್ನು ಸಾಗಿಸಲು 'ಗೋಟು' ಎಂಬ ಬೇರೆ ಆದೇಶವಿದೆ. 'ಗೋಟು ನಿಲ್ದಾಣ' ಎಂದು ಬರೆದರೆ ಅನೇಕ ಮಡ್‌ಗಳಲ್ಲಿ ಅದನ್ನು ಶೆಲ್‌ನ ಈಗಿನ ಕಡತಕೋಶದಿಂದ ಬಿಡಿಸಲಾಗುತ್ತದೆ, ಅಂದರೆ ದೇಹ ತರೀಕೆರೆಗೆ ಹೋಗುತ್ತದೆ. ಎರಡು ನೆಲೆಗಳು ಇಲ್ಲಿ ಕ್ಷಣಕಾಲ ಸಂಧಿಸುತ್ತವೆ. ತಾನು ಎಲ್ಲಿದ್ದೇನೆ ಎಂದು ತಿಳಿಯಲು 'ಪಿಡಬ್ಲ್ಯೂಡಿ' ಕೇಳಬೇಕೋ 'ಲುಕ್' ಕೇಳಬೇಕೋ ಎಂಬುದು ಯಾವ 'ತಾನು' ಎಂಬುದರ ಮೇಲೆ ನಿಂತಿದೆ.

ಆಟದೊಳಗಿನ '/' ಚಿಹ್ನೆ ಆತಿಥೇಯ ಗಣಕದ ಮೂಲವಲ್ಲ, ಮಡ್‌ಲಿಬ್ ಇರುವ ಕಡತಕೋಶ ಮಾತ್ರ. ಅದರಿಂದ ಮೇಲಕ್ಕೆ ಹೋಗಲು '..' ಎಷ್ಟು ಸಲ ಬರೆದರೂ ಡ್ರೈವರ್ ಬಿಡುವುದಿಲ್ಲ.

== ಅಲಿಯಾಸ್ ==

ಸಾಮಾನ್ಯ ಆಟಗಾರರಿಗೂ ದೊರೆಯುವ, ಎಲ್ಲಕ್ಕಿಂತ ಹೆಚ್ಚು ಬಳಕೆಯ ಸೌಕರ್ಯ ಇದು. ಉದ್ದದ ಆದೇಶಕ್ಕೆ ಒಂದು ಚಿಕ್ಕ ಹೆಸರಿಡುವುದೇ ಅಲಿಯಾಸ್. 'ಅಲಿಯಾಸ್ ಅಪು ವಾಯವ್ಯ; ಉತ್ತರ' ಎಂದು ಒಮ್ಮೆ ಬರೆದರೆ, ಮುಂದೆ 'ಅಪು' ಎಂದಷ್ಟೇ ಒತ್ತಿ ಕಡೂರಿನಿಂದ ಅಜ್ಜಂಪುರಕ್ಕೆ ತಲಪಬಹುದು. ಅನೇಕ ಮಡ್‌ಗಳಲ್ಲಿ '$1' ಎಂದರೆ ಅಲಿಯಾಸ್‌ನ ನಂತರ ಬರುವ ಮೊದಲ ಪದ, '$*' ಎಂದರೆ ಉಳಿದ ಎಲ್ಲ ಪದಗಳು. ಈ ಚಿಹ್ನೆಗಳು ಯುನಿಕ್ಸ್ ಶೆಲ್‌ನ ಕಾರ್ಯಪಟ್ಟಿಗಳಿಂದ ಬಂದವು. ಸ್ವಾರಸ್ಯವೆಂದರೆ ಬೋರ್ನ್ ಪರಂಪರೆಯ ಯುನಿಕ್ಸ್ ಶೆಲ್‌ಗಳಲ್ಲಿ ಅಲಿಯಾಸ್‌ಗೆ ಹೀಗೆ ಪದಗಳನ್ನು ಒಪ್ಪಿಸಲು ಬರುವುದಿಲ್ಲ. ಅಲ್ಲಿ ಅದಕ್ಕೆ ಫಂಕ್ಷನ್ ಬರೆಯಬೇಕು. ಈ ಒಂದು ವಿಷಯದಲ್ಲಿ ಅನುಕರಣೆ ಮೂಲಕ್ಕಿಂತ ಮುಂದಿದೆ.

'ಅಪು' ಅಲಿಯಾಸ್‌ನಲ್ಲಿ ಒಂದು ಅಪಾಯ ಅಡಗಿದೆ. ಅದು ಕಡೂರಿನಲ್ಲಿ ನಿಂತಾಗ ಮಾತ್ರ ಸರಿ. ತರೀಕೆರೆಯಲ್ಲಿ ನಿಂತು ಅದನ್ನೇ ಒತ್ತಿದರೆ ಆಟಗಾರ ವಾಯವ್ಯಕ್ಕೆ ಭದ್ರಾವತಿಯ ಕಡೆಗೆ ಹೋಗುತ್ತಾನೆ, ಆಮೇಲೆ ಉತ್ತರಕ್ಕೆ ದಾರಿಯಿಲ್ಲವೆಂಬ ಉತ್ತರ ಪಡೆಯುತ್ತಾನೆ. ಕಡತಗಳ ಲೋಕದಲ್ಲಿ '/' ಇಂದ ಆರಂಭವಾಗುವ ಪೂರ್ಣವಿಳಾಸ ಎಲ್ಲಿಂದ ಹೇಳಿದರೂ ಒಂದೇ ಜಾಗಕ್ಕೆ ಕರೆದೊಯ್ಯುತ್ತದೆ. ಕೋಣೆಗಳ ಲೋಕದಲ್ಲಿ ಸಾಮಾನ್ಯ ಆಟಗಾರನಿಗೆ ಪೂರ್ಣವಿಳಾಸವೇ ಇಲ್ಲ. ಇರುವುದೆಲ್ಲ ನಿಂತ ಜಾಗದಿಂದ ಹೇಳುವ ದಾರಿ, ಹಳ್ಳಿಗಳಲ್ಲಿ ದಾರಿ ಕೇಳಿದವರಿಗೆ ಹೇಳುವಂತೆ.

ಎರಡನೆಯ ಅಪಾಯ ಅರ್ಧವಿರಾಮ ಚಿಹ್ನೆಯಲ್ಲಿದೆ. ಯುನಿಕ್ಸ್ ಶೆಲ್‌ನಲ್ಲಿ ';' ಎಂದರೆ ಮೊದಲನೆಯದು ಸಫಲವಾಗಲಿ ವಿಫಲವಾಗಲಿ ಎರಡನೆಯದನ್ನು ನಡೆಸು ಎಂದರ್ಥ; '&&' ಎಂದರೆ ಮೊದಲನೆಯದು ಸಫಲವಾದರೆ ಮಾತ್ರ ಮುಂದುವರಿ ಎಂದರ್ಥ. ಮಡ್ ಶೆಲ್‌ಗಳಲ್ಲಿ ಸಾಮಾನ್ಯವಾಗಿ ಮೊದಲನೆಯ ಬಗೆ ಮಾತ್ರ ಇರುತ್ತದೆ. ಕಡೂರಿನಿಂದ ಹೊರಡುವಾಗ ಗೇಟು ಹಾಕಿದ್ದು ವಾಯವ್ಯಕ್ಕೆ ಹೋಗಲಾಗದಿದ್ದರೆ ಶೆಲ್ ನಿಲ್ಲುವುದಿಲ್ಲ. ಕಡೂರಿನಿಂದಲೇ ಉತ್ತರಕ್ಕೆ ಹೊರಟುಬಿಡುತ್ತದೆ. ಅಲ್ಲಿ ಒಂದು ಕೋಣೆ ಇದ್ದರೆ, ಆ ಕೋಣೆಯಲ್ಲಿ ಹುಲಿ ಇದ್ದರೆ, ಪರಿಣಾಮ ಊಹಿಸಬಹುದು. ಉದ್ದದ ಅಲಿಯಾಸ್ ಬರೆಯುವಾಗ ಪ್ರತಿ ಮೂರು ನಾಲ್ಕು ಹೆಜ್ಜೆಗೆ ಒಂದು ಅಲಿಯಾಸ್ ಮುರಿದು, ನಡುವೆ ಪರದೆಯನ್ನು ಓದುವುದು ವಿವೇಕ.

ಒಂದು ಅಲಿಯಾಸ್ ತನ್ನನ್ನೇ ಕರೆಯುವಂತೆ ಬರೆದರೆ ವಿಸ್ತರಣೆ ಮುಗಿಯುವುದೇ ಇಲ್ಲ. ಒಳ್ಳೆಯ ಶೆಲ್ ಇದನ್ನು ಗುರುತಿಸಿ ನಿಲ್ಲಿಸುತ್ತದೆ.

ಟಿನ್‌ಟಿನ್, ಟೈನಿಫ್ಯೂಗ್, ಮಡ್ಲೆಟ್ ಮುಂತಾದ ಗ್ರಾಹಕ ತಂತ್ರಾಂಶಗಳಲ್ಲಿಯೂ ಅಲಿಯಾಸ್ ಬರೆಯಬಹುದು. ಅವು ಆಟಗಾರನ ಸ್ವಂತ ಗಣಕದಲ್ಲಿ ಉಳಿಯುತ್ತವೆ. ಮಡ್‌ನ ಶೆಲ್‌ನಲ್ಲಿ ಬರೆದವು ಆಟದ ಯಂತ್ರದಲ್ಲಿ ಉಳಿದು ಯಾವ ಊರಿನಿಂದ ಪ್ರವೇಶಿಸಿದರೂ ಸಿಗುತ್ತವೆ. ಒಂದೇ ಹೆಸರನ್ನು ಎರಡೂ ಕಡೆ ಇಟ್ಟರೆ ಗ್ರಾಹಕದ್ದು ಮೊದಲು ಹಿಡಿಯುತ್ತದೆ, ಮಡ್‌ಗೆ ಆ ಪದ ತಲಪುವುದೇ ಇಲ್ಲ.

== ಇತಿಹಾಸ ಮತ್ತು ಚಿಹ್ನೆಗಳು ==

ಸಿ ಶೆಲ್‌ನಲ್ಲಿ '!!' ಎಂದರೆ ಹಿಂದಿನ ಆದೇಶ, '!5' ಎಂದರೆ ಐದನೆಯ ಆದೇಶ. ಮಡ್‌ಗಳು ಇದನ್ನು ಹಾಗೆಯೇ ತೆಗೆದುಕೊಂಡವು. ಆದರೆ ಆಟ ಎಂದರೆ ಮಾತುಕತೆಯೂ ಹೌದು. 'ಸೇ ಬೇಗ ಬಾ!!' ಎಂದು ಒಬ್ಬ ಕೂಗಿದರೆ ಅದು ಇತಿಹಾಸದ ಚಿಹ್ನೆಯೋ ಉದ್ಗಾರವೋ? ಸಿ ಶೆಲ್ ಇದನ್ನು ಸಾಲಿನ ಎಲ್ಲಿ ಬಂದರೂ ಬಿಡಿಸುತ್ತದೆ. ಮಾತಾಡುವ ಲೋಕದಲ್ಲಿ ಅದು ನಡೆಯದು; ಆದ್ದರಿಂದ ಹಲವು ಮಡ್ ಶೆಲ್‌ಗಳು ಸಾಲಿನ ಮೊದಲಿಗೆ ಬಂದಾಗ ಮಾತ್ರ ಅದನ್ನು ಗಮನಿಸುತ್ತವೆ. ಇದೇ ರೀತಿ ಯುನಿಕ್ಸ್‌ನಲ್ಲಿ ಪದಗುಚ್ಛವನ್ನು ಕಟ್ಟಿಡುವ ಒಂಟಿ ಉದ್ಧರಣ ಚಿಹ್ನೆ ಹಲವು ಮಡ್‌ಗಳಲ್ಲಿ 'ಸೇ' ಆದೇಶದ ಸಂಕ್ಷೇಪ. ':' ಚಿಹ್ನೆ ಅಭಿನಯದ ಆದೇಶದ ಸಂಕ್ಷೇಪ. ಯುನಿಕ್ಸ್ ಬಲ್ಲವನು ಅಭ್ಯಾಸಬಲದಿಂದ ಉದ್ಧರಣ ಚಿಹ್ನೆಯಿಂದ ಸಾಲು ಆರಂಭಿಸಿದರೆ ಅವನ ಆದೇಶವನ್ನು ಕೋಣೆಯಲ್ಲಿರುವವರೆಲ್ಲ ಕೇಳಿಸಿಕೊಳ್ಳುತ್ತಾರೆ.

ಇದು ನಗೆಯ ವಿಷಯವಾಗಿ ಉಳಿಯದ ಸಂದರ್ಭಗಳಿವೆ. ಇತಿಹಾಸದ ಪಟ್ಟಿ ಆಟದ ಯಂತ್ರದಲ್ಲಿದೆ, ಆಟಗಾರನ ಮೇಜಿನ ಮೇಲಲ್ಲ. 'ಟೆಲ್' ಆದೇಶದಿಂದ ಒಬ್ಬರಿಗೆ ಮಾತ್ರ ಹೇಳಿದ ಗುಟ್ಟೂ ಆ ಪಟ್ಟಿಯಲ್ಲಿರುತ್ತದೆ.

== ಕಡತ ಸರಿಸುವುದು: ಅಜ್ಜಂಪುರದ ಉದಾಹರಣೆ ==

ಅಜ್ಜಂಪುರ ಬಹುಕಾಲ ತರೀಕೆರೆ ತಾಲ್ಲೂಕಿನ ಭಾಗವಾಗಿತ್ತು. ಈಗ ಅದೇ ಒಂದು ತಾಲ್ಲೂಕು. ಕಲ್ಪಿತ ಮಡ್‌ನ ಮಾಂತ್ರಿಕನೊಬ್ಬ ಕಡತಗಳನ್ನೂ ಅದರಂತೆ ಸರಿಪಡಿಸಲು ಹೊರಟನೆಂದುಕೊಳ್ಳೋಣ. 'ಎಂವಿ /ಲೋಕ/ತರೀಕೆರೆ/ಅಜ್ಜಂಪುರ /ಲೋಕ/ಅಜ್ಜಂಪುರ' ಎಂದು ಒಂದು ಸಾಲು ಬರೆದರೆ ಕೆಲಸ ಮುಗಿದಂತೆ ಕಾಣುತ್ತದೆ. ಯುನಿಕ್ಸ್‌ನಲ್ಲಾದರೆ ಬಹುಮಟ್ಟಿಗೆ ಮುಗಿದಂತೆಯೇ.

ಮಡ್‌ನಲ್ಲಿ ಕಡತ ಬೇರೆ, ಆ ಕಡತದಿಂದ ನೆನಪಿನಲ್ಲಿ ಹುಟ್ಟಿದ ವಸ್ತು ಬೇರೆ. ಅಜ್ಜಂಪುರದ ನಿಲ್ದಾಣ ಒಮ್ಮೆ ನೆನಪಿಗೆ ಬಂದಿದ್ದರೆ ಅದು ಹಳೆಯ ಹೆಸರಿನಲ್ಲೇ ಜೀವಂತವಾಗಿರುತ್ತದೆ. ಕಡತ ಸರಿದದ್ದು ಅದಕ್ಕೆ ತಿಳಿಯುವುದಿಲ್ಲ. ಅಲ್ಲಿ ನಿಂತಿದ್ದ ಆಟಗಾರರು ಅಲ್ಲಿಯೇ ಇರುತ್ತಾರೆ. ಬೀರೂರಿನ ಕಡತದಲ್ಲಿ ಉತ್ತರದ ಬಾಗಿಲಿಗೆ ಹಳೆಯ ವಿಳಾಸವೇ ಬರೆದಿರುವುದರಿಂದ, ಬೀರೂರಿನಿಂದ ಬರುವವರು ಆ ಹಳೆಯ ಕೋಣೆಗೇ ಸೇರುತ್ತಾರೆ. ಹೊಸ ವಿಳಾಸ ಬಳಸಿದ ಮಾಂತ್ರಿಕನಿಗಾದರೋ ಡ್ರೈವರ್ ಹೊಸ ಕಡತದಿಂದ ಇನ್ನೊಂದು ಕೋಣೆಯನ್ನು ಹುಟ್ಟಿಸಿಕೊಡುತ್ತದೆ. ಈಗ ಎರಡು ಅಜ್ಜಂಪುರಗಳಿವೆ. ವರ್ಣನೆ ಒಂದೇ, ಅಮೃತಮಹಲ್ ದನಗಳೂ ಎರಡೂ ಕಡೆ ಮೇಯುತ್ತಿವೆ, ಆದರೆ ಒಂದರಲ್ಲಿರುವವರಿಗೆ ಇನ್ನೊಂದರಲ್ಲಿರುವವರು ಕಾಣುವುದಿಲ್ಲ.

ಆಟದ ಯಂತ್ರ ಮರುಪ್ರಾರಂಭವಾದಾಗ ಸ್ಥಿತಿ ತಲೆಕೆಳಗಾಗುತ್ತದೆ. ನೆನಪಿನಲ್ಲಿದ್ದ ಹಳೆಯ ಕೋಣೆ ಅಳಿದಿದೆ. ಅದರ ಕಡತ ಆ ವಿಳಾಸದಲ್ಲಿ ಇಲ್ಲ. ಬೀರೂರಿನಿಂದ ಉತ್ತರಕ್ಕೆ ಹೆಜ್ಜೆಯಿಟ್ಟವನಿಗೆ ದೋಷದ ಸಂದೇಶ ಸಿಗುತ್ತದೆ. ತಪ್ಪು ಮಾಡಿದ ದಿನ ಎಲ್ಲವೂ ಸರಿಯಿದ್ದು, ಎಷ್ಟೋ ದಿನದ ಮೇಲೆ ಕೆಟ್ಟದ್ದು ಕಾಣುವುದರಿಂದ ಕಾರಣ ಹುಡುಕುವುದು ಕಷ್ಟ. ಸರಿಯಾದ ಕ್ರಮವೆಂದರೆ ಮೊದಲು 'ಗ್ರೆಪ್' ಆದೇಶದಿಂದ ಹಳೆಯ ವಿಳಾಸ ಯಾವ ಯಾವ ಕಡತದಲ್ಲಿದೆ ಎಂದು ಹುಡುಕಿ ತಿದ್ದುವುದು, ಆಮೇಲೆ ಕಡತ ಸರಿಸುವುದು, ಕೊನೆಗೆ 'ಅಪ್‌ಡೇಟ್' ಆದೇಶದಿಂದ ನೆನಪಿನಲ್ಲಿರುವ ಹಳೆಯ ಕೋಣೆಗಳನ್ನು ಅಳಿಸಿ ಹೊಸದಾಗಿ ಹುಟ್ಟಿಸುವುದು. ವಿಳಾಸದ ಮೊದಲ ಭಾಗವನ್ನು ಒಂದೇ ಶಿರೋಕಡತದಲ್ಲಿ ವ್ಯಾಖ್ಯಾನಿಸಿ ಉಳಿದ ಕಡತಗಳು ಅದನ್ನೇ ಬಳಸುವಂತೆ ಬರೆದಿದ್ದರೆ ತಿದ್ದಬೇಕಾದ ಸಾಲು ಒಂದೇ.

== ಅಧಿಕಾರ ಮತ್ತು ಸುರಕ್ಷತೆ ==

ಶೆಲ್ ಅನುಕರಣೆಯಾದರೂ ಅದು ಮುಟ್ಟುವ ಕಡತಗಳು ಅನುಕರಣೆಯಲ್ಲ. 'ಆರ್‌ಎಂ' ಎಂದರೆ ಆತಿಥೇಯ ಯಂತ್ರದ ತಟ್ಟೆಯಿಂದ ಕಡತ ನಿಜವಾಗಿಯೂ ಅಳಿಯುತ್ತದೆ, ಕಸದಬುಟ್ಟಿ ಇಲ್ಲ. ಯಾರು ಯಾವ ಕಡತವನ್ನು ಓದಬಹುದು, ಬರೆಯಬಹುದು ಎಂಬುದನ್ನು ಮಾಸ್ಟರ್ ಎಂಬ ವಿಶೇಷ ವಸ್ತು ನಿರ್ಧರಿಸುತ್ತದೆ. ಪ್ರತಿ ಸಲ ಕಡತ ತೆರೆಯುವಾಗಲೂ ಡ್ರೈವರ್ ಅದನ್ನು ಕೇಳುತ್ತದೆ. ಯುನಿಕ್ಸ್‌ನಲ್ಲಿ ಅನುಮತಿ ಕಡತದ ಮೇಲೆಯೇ ಬರೆದಿರುತ್ತದೆ. ಇಲ್ಲಿ ಅದು ಒಂದು ಕಾರ್ಯಕ್ರಮದ ತೀರ್ಪು, ಆ ಕಾರ್ಯಕ್ರಮವನ್ನು ಬರೆದವರಷ್ಟೇ ಅದು ವಿಶ್ವಾಸಾರ್ಹ.

'ಸ್ನೂಪ್' ಎಂಬ ಆದೇಶದಿಂದ ಮಾಂತ್ರಿಕನು ಇನ್ನೊಬ್ಬ ಆಟಗಾರನ ಪರದೆಯಲ್ಲಿ ಮೂಡುವುದೆಲ್ಲವನ್ನೂ ತಾನೂ ನೋಡಬಹುದು. ದೋಷ ಹುಡುಕಲು ಹುಟ್ಟಿದ ಆದೇಶವಿದು. ಇದರ ಬಳಕೆಯ ಬಗ್ಗೆ ಆಟಗಳು ನಿಯಮಗಳನ್ನು ಮಾಡಿಕೊಂಡಿದ್ದರೂ, ಮಡ್‌ನಲ್ಲಿ ಆಡುವ ಯಾವ ಮಾತೂ ಸಂಪೂರ್ಣ ಖಾಸಗಿಯಲ್ಲ ಎಂದು ವಿದ್ಯಾರ್ಥಿಗಳು ತಿಳಿದಿರಬೇಕು. ಇದಲ್ಲದೆ 1983ರಲ್ಲಿ ಪ್ರಮಾಣೀಕೃತವಾದ ಟೆಲ್ನೆಟ್ ವಿಧಾನದಲ್ಲಿ ಗುಪ್ತಪದವೂ ಗೂಢಲಿಪಿಯಿಲ್ಲದೆ ಸಾಗುತ್ತದೆ. ಬ್ಯಾಂಕಿಗೋ ಮಿಂಚಂಚೆಗೋ ಬಳಸುವ ಗುಪ್ತಪದವನ್ನು ಮಡ್‌ಗೆ ಕೊಡಬಾರದು.

== ಕನ್ನಡದಲ್ಲಿ ಆದೇಶ ==

ಎಲ್‌ಪಿಮಡ್ ಹುಟ್ಟಿದಾಗ ಟೆಲ್ನೆಟ್‌ನ ಮೂಲ ನಿಯಮದಂತೆ ಏಳು ಬಿಟ್‌ಗಳ ಇಂಗ್ಲಿಷ್ ಅಕ್ಷರಗಳೇ ಆಧಾರ. ಕನ್ನಡ ಯುನಿಕೋಡ್‌ನಲ್ಲಿದ್ದು, ಯುಟಿಎಫ್-8 ರೂಪದಲ್ಲಿ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ಕಡೂರು' ಕಣ್ಣಿಗೆ 3 ಅಕ್ಷರ, ಯುನಿಕೋಡ್‌ನಲ್ಲಿ 5 ಸಂಕೇತ, ಕಳುಹಿಸುವಾಗ 15 ಬೈಟ್. 'ಅಜ್ಜಂಪುರ' ಕಣ್ಣಿಗೆ 4 ಅಕ್ಷರ, 8 ಸಂಕೇತ, 24 ಬೈಟ್. ಬೈಟ್‌ಗಳನ್ನೇ ಅಕ್ಷರವೆಂದು ಎಣಿಸುವ ಹಳೆಯ ಶೆಲ್ ಸಾಲನ್ನು ಅಕ್ಷರದ ನಡುವೆ ಕತ್ತರಿಸುತ್ತದೆ, ಅಳಿಸುವ ಕೀಲಿ ಒತ್ತಿದರೆ ಅಕ್ಷರದ ಮೂರರಲ್ಲೊಂದು ಭಾಗವನ್ನು ಅಳಿಸುತ್ತದೆ. ಫ್ಲಫ್‌ಓಎಸ್, ಎಲ್‌ಡಿಮಡ್ ಮುಂತಾದ ಡ್ರೈವರ್‌ಗಳ ಇತ್ತೀಚಿನ ಆವೃತ್ತಿಗಳು ಯುನಿಕೋಡ್ ಅನ್ನು ಬಲ್ಲವು.

ಇನ್ನೊಂದು ಸೂಕ್ಷ್ಮವಿದೆ. 'ತರೀಕೆರೆ'ಯಲ್ಲಿರುವ ದೀರ್ಘ ಈಕಾರದ ಚಿಹ್ನೆಯನ್ನು ಯುನಿಕೋಡ್ ಒಂದು ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಲು ಬಿಡುತ್ತದೆ. ಕಣ್ಣಿಗೆ ಎರಡೂ ಒಂದೇ. ಅಲಿಯಾಸ್ ಒಂದು ರೂಪದಲ್ಲಿ ಬರೆದು ಇನ್ನೊಂದು ರೂಪದಲ್ಲಿ ಕರೆದರೆ ಶೆಲ್ 'ಏನು?' ಎನ್ನುತ್ತದೆ. ಅರ್ಧಾಕ್ಷರದ ನಂತರ ಒತ್ತಿನ ರೂಪ ಬಾರದಂತೆ ತಡೆಯಲು ಸೇರಿಸುವ ಅದೃಶ್ಯ ಸಂಕೇತವೂ ಇದೇ ತೊಂದರೆ ಕೊಡುತ್ತದೆ. ಸಾಲನ್ನು ಶೆಲ್ ಸ್ವೀಕರಿಸಿದ ಕೂಡಲೇ ಒಂದೇ ಪ್ರಮಾಣರೂಪಕ್ಕೆ ತರುವುದು ಇದಕ್ಕೆ ಪರಿಹಾರ.

ಲಿಪಿಗಿಂತ ದೊಡ್ಡ ಪ್ರಶ್ನೆ ವ್ಯಾಕರಣದ್ದು. ಅಲಿಯಾಸ್ ಬಳಸಿ 'ಲುಕ್' ಬದಲಿಗೆ 'ನೋಡು', 'ನಾರ್ತ್' ಬದಲಿಗೆ 'ಉತ್ತರ' ಎಂದು ಮಾಡಿಕೊಳ್ಳುವುದು ಸುಲಭ. ಒಂದು ಪದದ ಆದೇಶಗಳಿಗೆ ಅಷ್ಟು ಸಾಕು. ಆದರೆ 'ಬುಟ್ಟಿಯಿಂದ ಮಾವಿನಹಣ್ಣನ್ನು ತೆಗೆ' ಎಂಬ ವಾಕ್ಯವನ್ನು ಅಲಿಯಾಸ್ ಮುಟ್ಟಲಾರದು. ಶೆಲ್ ಮೊದಲ ಪದವನ್ನು ಕ್ರಿಯಾಪದವೆಂದು ಭಾವಿಸುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ತೆಗೆ ಮಾವಿನಹಣ್ಣು ಬುಟ್ಟಿ' ಎಂದು ಒತ್ತಿಸುವುದು ಕನ್ನಡದ ಪದಗಳಲ್ಲಿ ಇಂಗ್ಲಿಷ್ ವಾಕ್ಯ ಬರೆಸಿದಂತೆ. ಅಂಥ ಆಟವನ್ನು ಕನ್ನಡದ ಆಟ ಎಂದು ಕರೆಯುವುದು ಕಷ್ಟ.

ಶೆಲ್ ಆಟದೊಳಗಿನ ವಸ್ತುವಾಗಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಡ್ರೈವರ್ ಅನ್ನು ಮುಟ್ಟದೆ, ಪ್ರೊಸೆಸ್ ಇನ್‌ಪುಟ್ ಕಾರ್ಯದಲ್ಲಿ ಸಾಲಿನ ಕೊನೆಯ ಪದವನ್ನು ತೆಗೆದು ಮೊದಲಿಗಿಟ್ಟರೆ ಕ್ರಿಯಾಪದದ ಪ್ರಶ್ನೆ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಉಳಿಯುವುದು ವಿಭಕ್ತಿ ಪ್ರತ್ಯಯ. 'ಬುಟ್ಟಿ' ಎಂಬ ವಸ್ತುವಿಗೆ 'ಬುಟ್ಟಿಯಿಂದ' ಎಂದರೆ ತನ್ನ ಹೆಸರೇ ಎಂದು ಗೊತ್ತಾಗುವುದಿಲ್ಲ. ಪ್ರತ್ಯಯವನ್ನು ಕಳಚುವುದೂ ನೇರವಲ್ಲ: 'ಬುಟ್ಟಿಯಿಂದ' ಎಂಬಲ್ಲಿ ಯಕಾರ ಆಗಮವಾಗಿದೆ, 'ದೀಪವನ್ನು' ಎಂಬಲ್ಲಿ ವಕಾರ ಬಂದಿದೆ, 'ಹಣ್ಣನ್ನು' ಎಂಬಲ್ಲಿ ಉಕಾರ ಲೋಪವಾಗಿದೆ. ಶಾಲೆಯಲ್ಲಿ ಕಲಿತ ಆಗಮ ಮತ್ತು ಲೋಪ ಸಂಧಿಗಳ ನಿಯಮಗಳನ್ನೇ ಹಿಂದುಮುಂದಾಗಿ ಬರೆದರೆ ಪ್ರತ್ಯಯ ಕಳಚುವ ಕಾರ್ಯ ಸಿದ್ಧವಾಗುತ್ತದೆ. ಆಟದಲ್ಲಿರುವ ವಸ್ತುಗಳು ಮಿತವಾಗಿರುವುದರಿಂದ ಇನ್ನೊಂದು ಒರಟು ಉಪಾಯವೂ ಇದೆ. ಪ್ರತಿ ವಸ್ತುವಿನ ಹೆಸರುಗಳ ಪಟ್ಟಿಯಲ್ಲಿ ಅದರ ವಿಭಕ್ತಿರೂಪಗಳನ್ನೆಲ್ಲ ಮೊದಲೇ ಸೇರಿಸಿಡುವುದು. ಚಿಕ್ಕ ಆಟಕ್ಕೆ ಇದೇ ಸಾಕು.

ಪ್ರತ್ಯಯದಿಂದ ಒಂದು ಲಾಭವೂ ಇದೆ. ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಬದಲಾದರೆ ಅರ್ಥ ಬದಲಾಗುತ್ತದೆ. ಕನ್ನಡದಲ್ಲಿ 'ಮಾವಿನಹಣ್ಣನ್ನು ಬುಟ್ಟಿಯಿಂದ ತೆಗೆ' ಎಂದರೂ ಅರ್ಥ ಅದೇ, ಏಕೆಂದರೆ ಯಾವುದು ಕರ್ಮ, ಯಾವುದು ಅಪಾದಾನ ಎಂಬುದನ್ನು ಪ್ರತ್ಯಯವೇ ಹೇಳುತ್ತದೆ. ಪ್ರತ್ಯಯವನ್ನು ಎಸೆಯದೆ ಅದನ್ನೇ ಗುರುತಾಗಿ ಇಟ್ಟುಕೊಳ್ಳುವ ಶೆಲ್ ಆಟಗಾರನ ಪದಕ್ರಮದ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ದೃಷ್ಟಿದೋಷವುಳ್ಳವರಲ್ಲಿ ಮಡ್ ಆಡುವವರು ಗಣನೀಯವಾಗಿದ್ದಾರೆ. ಎಲ್ಲವೂ ಪಠ್ಯವಾದ್ದರಿಂದ ಪರದೆ ಓದುವ ತಂತ್ರಾಂಶ ಆಟವನ್ನು ಪೂರ್ತಿಯಾಗಿ ಓದಿಹೇಳಬಲ್ಲದು. ಉಚಿತವಾಗಿ ದೊರೆಯುವ ಎನ್‌ವಿಡಿಎ ತಂತ್ರಾಂಶ ಇ-ಸ್ಪೀಕ್ ಧ್ವನಿಯ ಮೂಲಕ ಕನ್ನಡವನ್ನೂ ಓದುತ್ತದೆ. ಅವರಿಗೆ ಶೆಲ್‌ನ ಕೆಲವು ಅಲಂಕಾರಗಳು ತೊಡಕು: ನಕ್ಷತ್ರ, ಅಡ್ಡಗೆರೆಗಳ ಸಾಲಿನಿಂದ ಬಿಡಿಸಿದ ನಕ್ಷೆ, ಪ್ರತಿ ಆದೇಶಕ್ಕೂ ಮರಳಿ ಬರುವ ಉದ್ದದ ಪ್ರಾಂಪ್ಟ್. ಪ್ರಾಂಪ್ಟ್ ಅನ್ನು ಒಂದೇ ಚಿಹ್ನೆಗೆ ಇಳಿಸಲು ಮತ್ತು ಕೋಣೆಗಳ ಚಿಕ್ಕ ವರ್ಣನೆಯನ್ನಷ್ಟೇ ತೋರಿಸಲು ಹೆಚ್ಚಿನ ಶೆಲ್‌ಗಳಲ್ಲಿ ಆಯ್ಕೆ ಇರುತ್ತದೆ. 'ಹೆಲ್ಪ್' ಆದೇಶದಿಂದ ಅದರ ಹೆಸರನ್ನು ತಿಳಿಯಬಹುದು.